ಗುದ್ದಲಿ ಬೇಡದ ನಿಧಿ ಬೇಟೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಬೆಟ್ಟ ಕಾಣದ ಊರು ಅಪರೂಪ. ನಿಧಿಯ ಕಥೆಯಿಲ್ಲದ ಬೆಟ್ಟ ಇನ್ನೂ ಅಪರೂಪ. ಪಾಳೆಯಗಾರ ಕೋಟೆ ಬಿಟ್ಟು ಓಡುವ ರಾತ್ರಿ ಏಳು ಕೊಪ್ಪರಿಗೆ ಹೊನ್ನನ್ನು ಹೂತಿಟ್ಟನಂತೆ, ಅದನ್ನು ಸರ್ಪ ಕಾಯುತ್ತಿದೆಯಂತೆ, ಅಮಾವಾಸ್ಯೆಯ ರಾತ್ರಿ ಬಂಡೆಯ ಸಂದಿಯಲ್ಲಿ ಬೆಳಕು ಕಾಣುತ್ತದಂತೆ - ಹೀಗೆ ‘ಅಂತೆ’ಗಳ ಸರಮಾಲೆ. ಈ ಕಥೆಗಳಲ್ಲಿ ಒಂದು ವಿಶೇಷವನ್ನು ಗಮನಿಸಬಹುದು. ನಿಧಿ ಸಿಕ್ಕವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಅಗೆದು ಅಗೆದು ಕೈಸುಟ್ಟುಕೊಂಡವನ ಹೆಸರು ಮಾತ್ರ ಊರಿಗೆಲ್ಲ ಗೊತ್ತು!

ಮಕ್ಕಳಿಗೆ ಈ ಕಥೆಗಳೆಂದರೆ ಪ್ರಾಣ. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಾಗುವುದು, ದೊಡ್ಡವರು ಈ ಕಥೆಗಳನ್ನು ನಂಬಿ ಗುದ್ದಲಿ, ಹಾರೆ ಹಿಡಿದು ಹೊರಟಾಗ. ಹಾಗಾದರೆ ನಿಧಿ ಬೇಟೆಯ ರೋಮಾಂಚನ ಮಾತ್ರ ಇರಲಿ, ಗುದ್ದಲಿ ಬೇಡ ಎನ್ನುವವರು ಏನು ಮಾಡಬೇಕು? ಅಂಥವರಿಗಾಗಿಯೇ ಒಂದು ಎಲೆಯಾಟವಿದೆ. ಮೂವತ್ತು ಎಲೆ, ಒಂದು ಬೊಗಸೆ ಹುಣಸೆ ಬೀಜ, ಅರ್ಧ ಗಂಟೆ ಸಮಯ - ಇಷ್ಟಿದ್ದರೆ ಸಾಕು. ಅಜ್ಜಿಯಿಂದ ಮೊಮ್ಮಗನವರೆಗೆ ಮನೆಮಂದಿಯೆಲ್ಲ ಕೂತು ಆಡಬಹುದು. ನಗುವುದಕ್ಕೂ ಅವಕಾಶವಿದೆ, ಕಲಿಯುವುದಕ್ಕೂ ಅವಕಾಶವಿದೆ. ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಹತ್ತನೇ ತರಗತಿಯ ಫಲಿತಾಂಶದ ದಿನ ಈ ಹೆಸರನ್ನು ಕಾತರದಿಂದ ಹುಡುಕುವ ತಂದೆತಾಯಿಗಳಿಗೆ ಒಂದು ಸಮಾಧಾನದ ಮಾತು: ಈ ಆಟದೊಳಗೆ ಗಣಿತ ಪುಸ್ತಕದ ಒಂದು ಇಡೀ ಅಧ್ಯಾಯ ಅಡಗಿ ಕೂತಿದೆ.

ಖಜಾನೆ ಬಿಟ್ಟು ಹೋದವರುಂಟೆ?

ಆಟಕ್ಕೆ ಮೊದಲು ಸ್ವಲ್ಪ ಚರಿತ್ರೆ. ಮಧುಗಿರಿಯ ಏಕಶಿಲಾ ಬೆಟ್ಟ ಸಮುದ್ರ ಮಟ್ಟದಿಂದ ಸುಮಾರು 3,900 ಅಡಿ ಎತ್ತರದಲ್ಲಿದೆ. ಅದರ ಮೇಲಿನ ಕೋಟೆ ಪಾಳೆಯಗಾರರ ಕೈಯಿಂದ ಹದಿನೇಳನೇ ಶತಮಾನದ ಕೊನೆಯ ಭಾಗದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ವಶಕ್ಕೆ ಬಂತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಅಲ್ಲಿನ ಅಪಾರ ಸಂಪತ್ತನ್ನು ವಶಪಡಿಸಿಕೊಂಡಾಗ, ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಲ್ಲಿಟ್ಟದ್ದು ಇದೇ ಮಧುಗಿರಿಯಲ್ಲಿ. 1767ರಲ್ಲಿ ಮರಾಠರು ಕೋಟೆಯನ್ನು ಹಿಡಿದು ಆಕೆಯನ್ನು ಬಿಡಿಸಿದರು.

ಶಿರಾದ ಕಥೆ ಇನ್ನೂ ದೊಡ್ಡದು. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಅದನ್ನು ಗೆದ್ದ. 1687ರಿಂದ ಅದು ಮೊಗಲರ ಒಂದು ಸುಬಾದ ರಾಜಧಾನಿಯಾಗಿತ್ತು. ಆಮೇಲೆ ಮರಾಠರು, ಅವರ ಹಿಂದೆಯೇ ಹೈದರಾಲಿ. 1761ರಲ್ಲಿ ಹೈದರಾಲಿಗೆ ದೊರೆತದ್ದು ‘ಶಿರಾದ ನವಾಬ’ ಎಂಬ ಬಿರುದೇ. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಪಾವಗಡದ ಬೆಟ್ಟದ ಕೋಟೆ, ಆ ತಾಲ್ಲೂಕಿನದೇ ಆದ ನಿಡಗಲ್ಲು ದುರ್ಗ - ಇವೂ ಕೈಯಿಂದ ಕೈಗೆ ದಾಟಿದ ಕೋಟೆಗಳೇ.

ಈಗ ವಿದ್ಯಾರ್ಥಿಗಳು ತಾವೇ ಯೋಚಿಸಲಿ. ಒಂದು ಕೋಟೆ ನಾಲ್ಕೈದು ಸಲ ಕೈ ಬದಲಾಯಿಸಿತು ಎಂದರೆ, ನಾಲ್ಕೈದು ಸಲ ಗೆದ್ದವರು ಒಳಗೆ ನುಗ್ಗಿದರು ಎಂದರ್ಥ. ನುಗ್ಗಿದವರು ಮೊದಲು ಹುಡುಕಿದ್ದು ಏನನ್ನು? ಖಜಾನೆಯನ್ನು ತಾನೆ? ದಂಡು ಕಟ್ಟಿಕೊಂಡು ಬಂದವನು, ಸಿಪಾಯಿಗಳಿಗೆ ಸಂಬಳ ಕೊಡಬೇಕಾದವನು, ಹೊನ್ನನ್ನು ನಮಗಾಗಿ ಬಿಟ್ಟು ಹೋಗಿರುತ್ತಾನೆಯೇ? ಇನ್ನೊಂದು ಮಾತು. ಮಧುಗಿರಿ ಬೆಟ್ಟ ಒಂದೇ ಬಂಡೆ. ಬಂಡೆಯಲ್ಲಿ ಏನನ್ನಾದರೂ ಹೂಳುವುದು ಎಷ್ಟು ಕಷ್ಟ ಎಂಬುದನ್ನು ನಮ್ಮ ಸೀಮೆಯಲ್ಲಿ ಬಾವಿ ತೋಡಿಸಿದವರನ್ನು ಕೇಳಿ ತಿಳಿಯಬೇಕು. ಮುತ್ತಿಗೆಯ ದಿನಗಳಲ್ಲಿ ಕೋಟೆಯೊಳಗಿನ ನಿಜವಾದ ನಿಧಿ ಎಂದರೆ ಕಣಜದ ಧಾನ್ಯ ಮತ್ತು ಬಂಡೆಯ ದೊಣೆಯಲ್ಲಿ ನಿಂತ ಮಳೆನೀರು. ಅವೆರಡೂ ಮುಗಿದ ದಿನ ಕೋಟೆಯ ಬಾಗಿಲು ತೆರೆಯುತ್ತಿತ್ತು.

ಇಷ್ಟಾದರೂ ಕರ್ನಾಟಕದ ಹಳೆಯ ದೇವಸ್ಥಾನಗಳ ಗರ್ಭಗುಡಿಯ ನೆಲ ಕಿತ್ತಿರುವುದನ್ನು, ಬಸವನ ವಿಗ್ರಹ ಉರುಳಿಸಿರುವುದನ್ನು, ಶಾಸನದ ಕಲ್ಲು ಒಡೆದಿರುವುದನ್ನು ಆಗಾಗ ಪತ್ರಿಕೆಗಳಲ್ಲಿ ಓದುತ್ತೇವೆ. ಹೊನ್ನು ಸಿಕ್ಕುವುದಿಲ್ಲ, ಊರಿನ ಚರಿತ್ರೆ ಮಾತ್ರ ಪುಡಿಯಾಗುತ್ತದೆ. ಒಡೆದ ಶಾಸನವನ್ನು ಮತ್ತೆ ಬರೆಯಬಲ್ಲವರು ಯಾರೂ ಇಲ್ಲ.

ಕಾನೂನು ಕೂಡ ಈ ವಿಷಯದಲ್ಲಿ ಬಿಗಿಯಾಗಿದೆ. ನೆಲದಡಿ ಸಿಕ್ಕ ನಿಧಿಯನ್ನು ಜಿಲ್ಲೆಯ ಅಧಿಕಾರಿಗೆ ತಿಳಿಸಬೇಕೆಂಬ ನಿಯಮ 1878ರ ಕಾಯ್ದೆಯಷ್ಟು ಹಳೆಯದು. ಕೇಂದ್ರ ಸರ್ಕಾರದ ಸಂರಕ್ಷಣೆಯಲ್ಲಿರುವ ಸ್ಮಾರಕಕ್ಕೆ ಹಾನಿ ಮಾಡಿದರೆ 2010ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಧುಗಿರಿ ಕೋಟೆ ಅಂಥ ಸ್ಮಾರಕಗಳಲ್ಲಿ ಒಂದು. ನಿಧಿಯ ಹೆಸರಿನಲ್ಲಿ ನಡೆಯುವ ಮಾಟ, ಅಮಾನವೀಯ ಆಚರಣೆಗಳನ್ನು ಕರ್ನಾಟಕದ 2017ರ ಕಾಯ್ದೆ ನಿಷೇಧಿಸಿದೆ. ಶಾಸನಸಭೆ ಇಂಥದ್ದನ್ನು ಹೆಸರಿಟ್ಟು ಬರೆಯಬೇಕಾಯಿತು ಎಂದರೆ ರೋಗ ಎಷ್ಟು ಹಳೆಯದು ಎಂದು ಊಹಿಸಬಹುದು.

ಆಟ ಬಂದದ್ದು ಎಲ್ಲಿಂದ?

ಇನ್ನು ಆಟಕ್ಕೆ ಬರೋಣ. ಇದರ ಹೆಸರು ‘ಡಿಯಾಮಾಂಟ್’. ಎಂದರೆ ವಜ್ರ. 2005ರಲ್ಲಿ ಜರ್ಮನಿಯಲ್ಲಿ ಮೊದಲು ಅಚ್ಚಾಯಿತು. ಆಮೇಲೆ ಇಂಗ್ಲಿಷಿನಲ್ಲಿ ‘ಇಂಕನ್ ಗೋಲ್ಡ್’ ಎಂಬ ಹೆಸರಿನಲ್ಲೂ ಬಂತು. ಇದನ್ನು ಕಟ್ಟಿದವರು ಇಬ್ಬರು. ಒಬ್ಬರು ಅಲನ್ ಮೂನ್; ಇವರ ‘ಟಿಕೆಟ್ ಟು ರೈಡ್’ ಎಂಬ ರೈಲಿನ ಆಟಕ್ಕೆ 2004ರಲ್ಲಿ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿ ಸಿಕ್ಕಿತ್ತು. ಇನ್ನೊಬ್ಬರು ಫ್ರಾನ್ಸಿನ ಬ್ರೂನೋ ಫೈದುತ್ತಿ. ಇತಿಹಾಸದಲ್ಲಿ ಡಾಕ್ಟರೇಟ್ ಪಡೆದವರು, ಶಾಲೆಯಲ್ಲಿ ಅರ್ಥಶಾಸ್ತ್ರ ಕಲಿಸಿದ ಮೇಷ್ಟ್ರು. ಆಟದಲ್ಲಿ ಮೇಷ್ಟ್ರ ಕೈವಾಡ ಇರುವುದು ಆಡುತ್ತಾ ಹೋದಂತೆ ತಿಳಿಯುತ್ತದೆ.

ಕಥೆ ಸರಳ. ಒಂದಷ್ಟು ಜನ ಒಟ್ಟಿಗೆ ಗುಹೆಯೊಳಗೆ ಹೋಗುತ್ತಾರೆ. ಒಂದೊಂದೇ ಎಲೆಯನ್ನು ಮೊಗಚಿದಂತೆ ಒಂದೋ ನಿಧಿ ಎದುರಾಗುತ್ತದೆ, ಇಲ್ಲವೇ ಅಪಾಯ. ನಿಧಿ ಬಂದರೆ ಒಳಗಿರುವವರೆಲ್ಲ ಸಮನಾಗಿ ಹಂಚಿಕೊಳ್ಳಬೇಕು. ಹಂಚಿ ಉಳಿದದ್ದು ದಾರಿಯಲ್ಲೇ ಇರುತ್ತದೆ. ಅಪಾಯದ ಎಲೆ ಮೊದಲ ಸಲ ಬಂದರೆ ಅದು ಎಚ್ಚರಿಕೆ ಮಾತ್ರ. ಅದೇ ಅಪಾಯ ಎರಡನೇ ಸಲ ಬಂತೋ, ಒಳಗಿದ್ದವರೆಲ್ಲ ಆ ಸುತ್ತಿನಲ್ಲಿ ಕೈಗೆ ಬಂದದ್ದನ್ನೆಲ್ಲ ಚೆಲ್ಲಿ ಓಡಬೇಕು!

ಪ್ರತಿ ಎಲೆಯಾದ ಮೇಲೂ ಒಂದು ಪ್ರಶ್ನೆ: ಮುಂದೆ ಹೋಗುವುದೋ, ವಾಪಸು ಬರುವುದೋ? ಇದನ್ನು ಎಲ್ಲರೂ ಗುಟ್ಟಾಗಿ, ಒಂದೇ ಸಲಕ್ಕೆ ಹೇಳಬೇಕು. ವಾಪಸು ಬಂದವರು ಕೈಯಲ್ಲಿರುವುದನ್ನು ತಮ್ಮ ಡಬ್ಬಿಗೆ ಹಾಕಿಕೊಳ್ಳುತ್ತಾರೆ. ದಾರಿಯಲ್ಲಿ ಉಳಿದದ್ದನ್ನೂ ಆರಿಸಿಕೊಳ್ಳುತ್ತಾರೆ. ಡಬ್ಬಿಗೆ ಬಿದ್ದದ್ದನ್ನು ಯಾವ ಅಪಾಯವೂ ಕಸಿಯಲಾರದು. ಹೀಗೆ ಐದು ಸುತ್ತು. ಕೊನೆಗೆ ಡಬ್ಬಿ ತುಂಬಿದವರು ಗೆದ್ದಂತೆ.

ನಮ್ಮ ಸೀಮೆಯ ಕಟ್ಟು

ಆಟವನ್ನು ಕೊಳ್ಳಲೇಬೇಕೆಂದಿಲ್ಲ. ಮನೆಯಲ್ಲೇ ಒಂದು ಕಟ್ಟು ಮಾಡಿಕೊಳ್ಳಬಹುದು. ಮಕ್ಕಳೇ ಮಾಡಿದರೆ ಇನ್ನೂ ಚೆನ್ನ.

ದಪ್ಪ ಡ್ರಾಯಿಂಗ್ ಹಾಳೆಯನ್ನು ಒಂದೇ ಅಳತೆಯ ಮೂವತ್ತು ತುಂಡು ಮಾಡಿ. ಹಳೆಯ ಮದುವೆ ಪತ್ರಿಕೆಗಳನ್ನು ಕತ್ತರಿಸುವುದಾದರೆ ಹಿಂಬದಿಗೆಲ್ಲ ಒಂದೇ ಬಣ್ಣದ ಕಾಗದ ಅಂಟಿಸಬೇಕು. ಇಲ್ಲವಾದರೆ ‘ಇದು ನಮ್ಮ ಚಿಕ್ಕಪ್ಪನ ಮದುವೆ ಪತ್ರಿಕೆ, ಇದರಲ್ಲಿ ಹದಿನೈದು ಇದೆ’ ಎಂದು ಮಕ್ಕಳು ಎರಡೇ ದಿನದಲ್ಲಿ ಗುರುತು ಹಿಡಿಯುತ್ತಾರೆ! ಹದಿನೈದು ಎಲೆಗಳ ಮೇಲೆ 1ರಿಂದ 15ರವರೆಗೆ ಅಂಕಿ ಬರೆಯಿರಿ. ಇವು ನಿಧಿಯ ಎಲೆಗಳು. ಉಳಿದ ಹದಿನೈದು ಅಪಾಯದ ಎಲೆಗಳು. ಐದು ಬಗೆ, ಬಗೆಗೆ ಮೂರರಂತೆ. ಅಪಾಯಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹಾವು, ಚೇಳು, ಕರಡಿ, ಹೆಜ್ಜೇನು, ಜಾರುಬಂಡೆ - ನಮ್ಮ ಬೆಟ್ಟಗಳಲ್ಲಿ ಐದೂ ಇವೆ. ಹೆಜ್ಜೇನಂತೂ ಇರಲೇಬೇಕು, ಜೇನಿನ ಬೆಟ್ಟ ಎಂಬುದು ಮಧುಗಿರಿ ಎಂಬ ಹೆಸರಿನ ಅರ್ಥವೇ ಅಲ್ಲವೆ?

ಕಾಗದ ಕತ್ತರಿಸಲು ಬೇಸರವಾದರೆ ಇಸ್ಪೀಟಿನ ಕಟ್ಟೇ ಸಾಕು. ಡೈಮಂಡಿನ ಎಕ್ಕದಿಂದ ರಾಜನವರೆಗಿನ ಹದಿಮೂರು ಎಲೆ ನಿಧಿ. ಎಕ್ಕಕ್ಕೆ ಒಂದು, ರಾಜನಿಗೆ ಹದಿಮೂರು. ಉಳಿದ ಮೂರು ಜಾತಿಗಳ 2, 3, 4, 5, 6 ಅಪಾಯ. ಎರಡು ಎಂದರೆ ಹಾವು, ಮೂರು ಎಂದರೆ ಚೇಳು - ಹೀಗೆ. ಆಗಲೂ ಪ್ರತಿ ಅಪಾಯಕ್ಕೆ ಮೂರು ಎಲೆ ಬರುತ್ತವೆ.

ವಜ್ರದ ಬದಲು ಹುಣಸೆ ಬೀಜ. ನೂರೈವತ್ತು ಬೀಜ ಬೇಕು. ನೆಲಗಡಲೆಯೂ ಆಗುತ್ತದೆ, ಆದರೆ ಆಟ ಮುಗಿಯುವ ಹೊತ್ತಿಗೆ ಅರ್ಧ ನಿಧಿ ಹೊಟ್ಟೆಗೆ ಹೋಗಿರುತ್ತದೆ. ಪ್ರತಿಯೊಬ್ಬರಿಗೂ ಒಂದು ಖಾಲಿ ಡಬ್ಬಿ, ಜೊತೆಗೆ ಒಂದು ಗುರುತಿನ ಬೀಜ. ತೀರ್ಮಾನ ಹೇಳುವಾಗ ಮುಷ್ಟಿ ಮುಂದೆ ಚಾಚಿ, ಮೂರು ಎಣಿಸಿ, ಒಟ್ಟಿಗೆ ಬಿಚ್ಚಬೇಕು. ಬೀಜವಿದ್ದರೆ ಮುಂದೆ, ಖಾಲಿಯಿದ್ದರೆ ವಾಪಸು. ಐದು ಸುತ್ತುಗಳಿಗೆ ಮಧುಗಿರಿ, ಶಿರಾ ಕೋಟೆ, ಚನ್ನರಾಯನದುರ್ಗ, ನಿಡಗಲ್ಲು, ಪಾವಗಡ ಎಂದು ಹೆಸರಿಡಿ. ಒಂದು ಸುತ್ತು ಅಪಾಯದಿಂದ ಮುಗಿದರೆ, ಜೋಡಿಯಾಗಿ ಬಂದ ಆ ಎಲೆಗಳಲ್ಲಿ ಒಂದನ್ನು ಆಟದಿಂದ ತೆಗೆದುಬಿಡಬೇಕು. ಉಳಿದದ್ದನ್ನೆಲ್ಲ ಕಲಸಿ ಮುಂದಿನ ಸುತ್ತು.

ಒಂದು ಸುತ್ತು ಆಡೋಣ

ಅಜ್ಜಿ, ಅಪ್ಪ, ಹತ್ತನೇ ತರಗತಿಯ ಅಕ್ಕ, ಆರನೇ ತರಗತಿಯ ತಮ್ಮ - ನಾಲ್ವರು ಕೂತಿದ್ದಾರೆ ಎಂದುಕೊಳ್ಳಿ.

ಮೊದಲ ಎಲೆ ನಿಧಿ, 9. ತಲೆಗೆ ಎರಡು ಬೀಜ. ಒಂದು ದಾರಿಯಲ್ಲಿ ಉಳಿಯಿತು. ಎರಡನೇ ಎಲೆ ಹಾವು. ಯಾರೂ ಹೆದರಲಿಲ್ಲ. ಮೂರನೆಯದು 14. ತಲೆಗೆ ಮೂರು, ದಾರಿಯಲ್ಲಿ ಮತ್ತೆ ಎರಡು. ಈಗ ಒಬ್ಬೊಬ್ಬರ ಕೈಯಲ್ಲೂ ಐದು, ದಾರಿಯಲ್ಲಿ ಮೂರು. ನಾಲ್ಕನೇ ಎಲೆ ಹೆಜ್ಜೇನು.

‘ನನಗಿಷ್ಟು ಸಾಕಪ್ಪ’ ಎಂದು ಅಜ್ಜಿ ಮುಷ್ಟಿ ಬಿಚ್ಚಿದರು, ಖಾಲಿ. ಅವರೊಬ್ಬರೇ ವಾಪಸಾದ್ದರಿಂದ ದಾರಿಯ ಮೂರೂ ಅವರಿಗೇ. ಡಬ್ಬಿಯಲ್ಲಿ ಎಂಟು.

ಐದನೇ ಎಲೆ 7. ಮೂವರಿಗೂ ಎರಡೆರಡು, ದಾರಿಯಲ್ಲಿ ಒಂದು. ಕೈಯಲ್ಲಿ ಏಳೇಳು. ಆರನೇ ಎಲೆ ಕರಡಿ! ಅಪ್ಪ ವಾಪಸು. ಏಳಕ್ಕೆ ದಾರಿಯ ಒಂದು ಸೇರಿ ಎಂಟು. ಏಳನೇ ಎಲೆ 12. ಅಕ್ಕ ತಮ್ಮ ಇಬ್ಬರೇ, ತಲಾ ಆರು. ಕೈಯಲ್ಲಿ ಹದಿಮೂರು ಹದಿಮೂರು. ಅಕ್ಕ ವಾಪಸಾದಳು. ತಮ್ಮ ಬೀಜ ತೋರಿಸಿ ಎದೆಯುಬ್ಬಿಸಿದ. ಎಂಟನೇ ಎಲೆ ಮೊಗಚಿದರೆ - ಎರಡನೇ ಹಾವು. ಹದಿಮೂರೂ ಹೋಯಿತು. ಮೂರು ಹಾವಿನ ಎಲೆಗಳಲ್ಲಿ ಒಂದು ಆಟದಿಂದ ಹೊರಗೆ.

ಇಲ್ಲಿ ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ಹೇಳುವ ಮಾತು ಎಲ್ಲರಿಗೂ ಗೊತ್ತು: ‘ನೋಡು, ಅತಿ ಆಸೆ ಗತಿಗೇಡು.’ ಸ್ವಲ್ಪ ತಾಳಿ. ತಮ್ಮ ಮಾಡಿದ್ದು ನಿಜಕ್ಕೂ ಅತಿಯಾಸೆಯೇ? ಲೆಕ್ಕ ಹಾಕಿ ನೋಡೋಣ.

ಬೀಜದ ಲೆಕ್ಕ

ಹತ್ತನೇ ತರಗತಿಯ ಗಣಿತದಲ್ಲಿ ‘ಸಂಭವನೀಯತೆ’ ಎಂಬ ಅಧ್ಯಾಯವಿದೆ. ನಾಣ್ಯ ಚಿಮ್ಮುವುದು, ದಾಳ ಉರುಳಿಸುವುದು, ಚೀಲದಿಂದ ಕೆಂಪು ಗೋಲಿ ತೆಗೆಯುವುದು - ಲೆಕ್ಕ ಬರುತ್ತದೆ, ಆದರೆ ‘ಇದರಿಂದ ನನಗೇನು?’ ಎಂಬ ಪ್ರಶ್ನೆ ಉಳಿಯುತ್ತದೆ. ಈ ಆಟದಲ್ಲಿ ಹುಡುಗನ ಹದಿಮೂರು ಬೀಜ ಪಣಕ್ಕಿದೆ. ಆದ್ದರಿಂದ ಉತ್ತರ ಅವನಿಗೆ ಬೇಕೇ ಬೇಕು.

ಕಟ್ಟಿನಲ್ಲಿ ಮೂವತ್ತು ಎಲೆ. ನಿಧಿಯ ಎಲೆಗಳ ಮೊತ್ತ 1ರಿಂದ 15ರವರೆಗೆ ಕೂಡಿದರೆ 120. ಒಂದು ಅಪಾಯ ಬಯಲಾಗಿದ್ದರೆ ಅದರ ಇನ್ನೆರಡು ಎಲೆಗಳು ಕಟ್ಟಿನಲ್ಲಿ ಕಾದು ಕೂತಿರುತ್ತವೆ. ಎರಡು ಎಲೆ ಎಳೆದು ಅದರಲ್ಲೊಂದು ಅಪಾಯವಾಗಿದ್ದರೆ, ಉಳಿದ 28ರಲ್ಲಿ ಕೆಡಿಸುವ ಎಲೆ 2. ಎಂದರೆ ಹದಿನಾಲ್ಕರಲ್ಲಿ ಒಂದು. ಆರು ಎಲೆಯಲ್ಲಿ ಮೂರು ಬೇರೆ ಬೇರೆ ಅಪಾಯ ಬಂದಿದ್ದರೆ 24ರಲ್ಲಿ 6, ನಾಲ್ಕರಲ್ಲಿ ಒಂದು. ಹತ್ತು ಎಲೆಯಲ್ಲಿ ಐದು ಅಪಾಯವೂ ಬಂದಿದ್ದರೆ 20ರಲ್ಲಿ 10. ಎಂದರೆ ನಾಣ್ಯ ಚಿಮ್ಮಿದಂತೆ, ಅರ್ಧಕ್ಕರ್ಧ. ಒಳಗೆ ಹೋದಷ್ಟೂ ಗುಹೆ ಕತ್ತಲಾಗುವುದು ಎಂದರೆ ಇದೇ.

ಕರಡಿ ಬಂದಾಗಿನ ಸ್ಥಿತಿ ನೋಡಿ. ಉಳಿದ ಎಲೆ 24. ಕೆಡಿಸುವವು 6. ಪ್ರತಿಯೊಬ್ಬರ ಕೈಯಲ್ಲೂ 7 ಬೀಜ. ಆರು ಎಲೆಗಳಲ್ಲಿ ಯಾವುದು ಬಂದರೂ ಏಳು ನಷ್ಟ, ಆರೇಳು ನಲವತ್ತೆರಡು. ಇನ್ನು ಲಾಭ. 9, 14, 7 ಬಂದು ಹೋಗಿರುವುದರಿಂದ ಕಟ್ಟಿನಲ್ಲಿರುವ ನಿಧಿ 120ರಲ್ಲಿ 30 ಕಳೆದು 90. ಮೂವರೂ ಒಳಗಿದ್ದರೆ ಒಬ್ಬರ ಪಾಲು 30. ನಷ್ಟ 42, ಲಾಭ 30 - ವಾಪಸಾಗುವುದೇ ಜಾಣತನ. ಒಬ್ಬರು ಹೊರಟು ಇಬ್ಬರೇ ಉಳಿದರೆ? ಆಗ ಪಾಲು 45. ನಷ್ಟ 42, ಲಾಭ 45 - ಮುಂದೆ ಹೋಗುವುದೇ ಸರಿ! ಕಟ್ಟು ಅದೇ, ಅಪಾಯವೂ ಅದೇ. ಪಕ್ಕದವರು ಏನು ಮಾಡುತ್ತಾರೆ ಎಂಬುದರಿಂದ ಉತ್ತರವೇ ತಿರುಗಿಬಿಟ್ಟಿತು. ಅಪ್ಪನ ಮುಖ ನೋಡಿ ‘ಇವರು ಹೊರಡುತ್ತಾರೆ’ ಎಂದು ಊಹಿಸಿದ್ದರೆ ಮಕ್ಕಳಿಬ್ಬರೂ ಸರಿಯಾಗಿಯೇ ಆಡಿದರು.

ಈಗ ತಮ್ಮನ ಕಡೆಯ ಹೆಜ್ಜೆ. ಉಳಿದ ಎಲೆ 23, ಕೆಡಿಸುವವು 6, ಕೈಯಲ್ಲಿ 13. ಆರು ಹದಿಮೂರಲಿ ಎಪ್ಪತ್ತೆಂಟು ನಷ್ಟ. ಕಟ್ಟಿನಲ್ಲಿ ಉಳಿದ ನಿಧಿ 90ರಲ್ಲಿ 12 ಕಳೆದು ಎಪ್ಪತ್ತೆಂಟು. ಅವನೊಬ್ಬನೇ ಒಳಗಿದ್ದುದರಿಂದ ಅಷ್ಟೂ ಅವನ ಪಾಲೇ. ನಷ್ಟ 78, ಲಾಭ 78! ತಕ್ಕಡಿ ಸರಿಸಮ. ಮುಂದೆ ಹೋದರೂ ಸರಿ, ಬಂದರೂ ಸರಿ. ಅಕ್ಕ ಕೂಡ ಒಳಗೇ ಉಳಿದಿದ್ದರೆ ಮಾತ್ರ ಅವನ ಪಾಲು 39ಕ್ಕೆ ಇಳಿಯುತ್ತಿತ್ತು. ಆಗ ಹೋಗುವುದು ಖಂಡಿತ ತಪ್ಪು. (ಹಂಚಿ ಉಳಿಯುವ ಚಿಲ್ಲರೆ ಬೀಜವನ್ನೂ, ಒಂದು ಎಲೆಯ ಆಚೆಗಿನ ಮಾತನ್ನೂ ಇಲ್ಲಿ ಬಿಟ್ಟಿದ್ದೇವೆ. ಆಸಕ್ತ ವಿದ್ಯಾರ್ಥಿಗಳು ಅದನ್ನೂ ಸೇರಿಸಿ ನೋಡಬಹುದು.)

ತಂದೆತಾಯಿಗಳು ಗಮನಿಸಬೇಕಾದ ಮಾತು ಇಲ್ಲಿದೆ. ಹುಡುಗ ಸೋತ, ಆದರೆ ಅವನು ಮಾಡಿದ ತೀರ್ಮಾನ ತಪ್ಪಾಗಿರಲಿಲ್ಲ. ಫಲಿತಾಂಶ ಕೆಟ್ಟದ್ದು ಬಂದ ಮಾತ್ರಕ್ಕೆ ತೀರ್ಮಾನ ಕೆಟ್ಟದ್ದಲ್ಲ. ಒಳ್ಳೆಯದು ಬಂದ ಮಾತ್ರಕ್ಕೆ ಒಳ್ಳೆಯದೂ ಅಲ್ಲ. ಇದು ಬೀಜದ ಆಟದಲ್ಲಿ ಅರ್ಥವಾದರೆ ಅಂಕಪಟ್ಟಿ ಬಂದ ದಿನವೂ ನೆನಪಿಗೆ ಬರಬಹುದು. ಒಂದು ಪರೀಕ್ಷೆ ಎಂಬುದು ಒಂದು ಸುತ್ತು. ಮಗು ಹೇಗೆ ಓದಿತು, ಹೇಗೆ ಯೋಚಿಸಿತು ಎಂಬುದನ್ನು ಕೇಳದೆ ಎಷ್ಟು ಬಂತು ಎಂದಷ್ಟೇ ಕೇಳುವುದು, ಹಾವಿನ ಎಲೆ ನೋಡಿ ಹುಡುಗನನ್ನು ಬೈದಂತೆ.

ಹೇಗಿದೆ ಆಟ?

ಗುಣದೋಷ ಹೇಳಬೇಕಲ್ಲ. ಮೊದಲನೆಯ ಗುಣ, ಯಾರೂ ಸರದಿಗಾಗಿ ಕಾಯಬೇಕಾಗಿಲ್ಲ. ಎಲ್ಲರೂ ಒಟ್ಟಿಗೆ ಮುಷ್ಟಿ ಬಿಚ್ಚುತ್ತಾರೆ. ಮೂವರಿಂದ ಎಂಟು ಜನರವರೆಗೆ ಆಡಬಹುದು. ಐದಾರು ಜನರಿದ್ದಾಗ ರಂಗೇರುತ್ತದೆ. ಎರಡನೆಯದು, ಓದು ಬರಹ ಬೇಕಿಲ್ಲ. ಎಣಿಸಲು, ಹಂಚಲು ಬಂದರೆ ಸಾಕು. ‘ಹದಿನಾಲ್ಕನ್ನು ನಾಲ್ವರಿಗೆ ಹಂಚು’ ಎಂದರೆ ಮುಖ ಸಿಂಡರಿಸುವ ಮಗು ಇಲ್ಲಿ ಕ್ಷಣದಲ್ಲಿ ಹಂಚಿ, ಶೇಷ ಎರಡನ್ನು ದಾರಿಯಲ್ಲಿಟ್ಟು, ಅದರ ಮೇಲೆ ಕಣ್ಣನ್ನೂ ಇಟ್ಟಿರುತ್ತದೆ. ಮೂರನೆಯದು, ಗುಣ ಬಯಲಾಗುತ್ತದೆ. ಕಚೇರಿಯಲ್ಲಿ ಹುಲಿಯಂತಿರುವ ಅಪ್ಪ ಎರಡನೇ ಎಲೆಗೇ ವಾಪಸು ಬಂದಾಗ ಮಕ್ಕಳಿಗೆ ಆಗುವ ಆನಂದಕ್ಕೆ ಬೆಲೆ ಕಟ್ಟಲಾಗದು.

ದೋಷಗಳೂ ಇವೆ. ಅದೃಷ್ಟದ ಪಾಲು ಹೆಚ್ಚು. ಚದುರಂಗ, ಹುಲಿಕುರಿ ಆಟಗಳಲ್ಲಿ ಇರುವಂಥ ಆಳ ಇಲ್ಲಿ ಇಲ್ಲ. ಹುಲಿಕುರಿಯಲ್ಲಿ ಸೋತರೆ ಎಲ್ಲಿ ತಪ್ಪಿದೆ ಎಂದು ಹಿಂದಿರುಗಿ ನೋಡಬಹುದು; ಇಲ್ಲಿ ಎಷ್ಟೋ ಸಲ ‘ಎಲೆ ಹಾಗೆ ಬಂತು’ ಎಂದಷ್ಟೇ ಹೇಳಬೇಕು. ಇಬ್ಬರೇ ಆಡಿದರೆ ಸಪ್ಪೆ. ಇಬ್ಬರೇ ಇದ್ದಾಗ ಅಳಗುಳಿ ಮಣೆಯೇ ಮೇಲು. ತೀರ ಚಿಕ್ಕ ಮಕ್ಕಳು ಕೈಯಲ್ಲಿದ್ದದ್ದು ಹೋದಾಗ ಅಳುವುದುಂಟು. ಅವರನ್ನು ಅಜ್ಜಿಯ ಜೊತೆ ಪಾಲುದಾರರನ್ನಾಗಿ ಮಾಡಿದರೆ ಸರಿಹೋಗುತ್ತದೆ.

‘ಇಂಕನ್ ಗೋಲ್ಡ್’ ಮಾದರಿಯ ಒಂದು ನಿಯಮ ನಮಗೆ ಚೆನ್ನಾಗಿ ಒಪ್ಪುತ್ತದೆ. ಅದರಲ್ಲಿ ಸುತ್ತಿಗೊಂದರಂತೆ ಅಪೂರ್ವ ವಸ್ತುವಿನ ಎಲೆ ಸೇರುತ್ತದೆ. ಅದನ್ನು ಹಂಚುವಂತಿಲ್ಲ, ಒಬ್ಬರೇ ವಾಪಸಾದಾಗ ಮಾತ್ರ ಅವರಿಗೆ ಸಿಗುತ್ತದೆ. ನಾವು ಅದಕ್ಕೆ ‘ತಾಮ್ರಪಟ’ ಎಂದು ಹೆಸರಿಡಬಹುದು. ಒಬ್ಬರೇ ಹೊರಬಂದವರು ಅದನ್ನು ತಹಶೀಲ್ದಾರರಿಗೆ ಒಪ್ಪಿಸಿ ಹತ್ತು ಬೀಜ ಬಹುಮಾನ ಪಡೆಯಲಿ! ಮೊದಲ ಕೆಲವು ದಿನ ಇದಿಲ್ಲದೆ ಆಡಿ, ಆಮೇಲೆ ಸೇರಿಸಿಕೊಳ್ಳಿ.

ಮಕ್ಕಳ ಕೈಗೆ ಎಲೆಯೇ?

ನಮ್ಮ ಮನೆಗಳಲ್ಲಿ ಎಲೆ ಎಂದೊಡನೆ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಕಾರಣವಿಲ್ಲದೆ ಅಲ್ಲ. ಯುಗಾದಿಯ ವರ್ಷತೊಡಕಿನ ದಿನ ಅಂದರ್ ಬಾಹರ್ ಆಡಿ ಬಿತ್ತನೆಯ ದುಡ್ಡು ಕಳೆದುಕೊಂಡವರು ಎಲ್ಲ ಊರಿನಲ್ಲೂ ಇದ್ದಾರೆ. ಈಗ ಆ ಜೂಜು ಮೊಬೈಲ್ ಫೋನಿನೊಳಗೂ ಬಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯ್ದೆ ತರಬೇಕಾಯಿತು.

ಆದರೆ ದೋಷ ಎಲೆಯದಲ್ಲ, ಪಣದ್ದು. ಎಲೆಯಾಟ ನಮ್ಮಲ್ಲಿ ಒಂದು ಕಾಲಕ್ಕೆ ಕಲೆಯಾಗಿತ್ತು, ಪಾಠವೂ ಆಗಿತ್ತು. ಬಾಬರ್ 1527ರಲ್ಲಿ ತನ್ನ ಸ್ನೇಹಿತನಿಗೆ ಗಂಜೀಫಾ ಎಲೆಗಳನ್ನು ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ದೇವತೆಗಳ, ಗ್ರಹಗಳ ಚಿತ್ರವಿರುವ ಗಂಜೀಫಾ ಆಟಗಳನ್ನು ಸ್ವತಃ ರೂಪಿಸಿದರು. ಅವುಗಳಲ್ಲಿ ದೊಡ್ಡದಕ್ಕೆ 360 ಎಲೆಗಳು! ಇವುಗಳ ವಿವರ ಇರುವುದು ಅವರ ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ. ಒಂಬತ್ತು ನಿಧಿಗಳಾಗಿ ವಿಂಗಡಿಸಿದ ಆ ಗ್ರಂಥದ ಕೊನೆಯ ಭಾಗದ ಹೆಸರು ‘ಕೌತುಕನಿಧಿ’. ಆಟಕ್ಕೆ ಅರಸರು ನಿಧಿಯೆಂದೇ ಹೆಸರಿಟ್ಟಿದ್ದರು ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಆದ್ದರಿಂದ ಮನೆಯಲ್ಲಿ ಒಂದೇ ಒಂದು ಕಟ್ಟುಪಾಡು ಇರಲಿ. ಬೀಜಕ್ಕೆ ದುಡ್ಡಿನ ಬೆಲೆ ಇಲ್ಲ. ಐದು ಪೈಸೆಗೊಂದು ಎಂದೂ ಇಲ್ಲ, ಸೋತವರು ಐಸ್‌ಕ್ರೀಮ್ ಕೊಡಿಸಬೇಕೆಂದೂ ಇಲ್ಲ. ಐದನೇ ಸುತ್ತು ಮುಗಿದೊಡನೆ ಗೆದ್ದವರ ಬೀಜ, ಸೋತವರ ಬೀಜ ಎಲ್ಲವೂ ಒಂದೇ ಡಬ್ಬಿಗೆ. ಈ ಕಡೆಯ ಕ್ರಿಯೆಯನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಜೂಜಿಗೂ ಆಟಕ್ಕೂ ಇರುವ ವ್ಯತ್ಯಾಸ ಉಪದೇಶಕ್ಕಿಂತ ಹೀಗೆ ಬೇಗ ತಿಳಿಯುತ್ತದೆ.

ಕಣ್ಣೆದುರಿನ ನಿಧಿ

ನಿಧಿ ಎಂದರೆ ಹೂತಿಟ್ಟದ್ದೇ ಆಗಬೇಕೆಂದಿಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಬರದ ನೆಲವನ್ನು ನೋಡಿ. ಮಳೆ ಕೈಕೊಟ್ಟು ನೆಲಗಡಲೆ ಒಣಗುತ್ತಿದ್ದ ಹೊಲಗಳ ಮೇಲೆ ಸುಡುತ್ತಿದ್ದ ಬಿಸಿಲೇ ಒಂದು ದಿನ ಸಂಪತ್ತಾಯಿತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಅಲ್ಲಿನ ಸೌರ ಪಾರ್ಕು ಸುಮಾರು 13,000 ಎಕರೆಯಲ್ಲಿದೆ. ಅದರ ಸಾಮರ್ಥ್ಯ 2,050 ಮೆಗಾವಾಟ್. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಗುತ್ತಿಗೆಯಿಂದ ಜಮೀನಿನ ಒಡೆಯರಿಗೆ ಆದಾಯ ಬಂತು. ಜಮೀನಿಲ್ಲದ ಕೂಲಿಯವರಿಗೆ ಏನು ದಕ್ಕಿತು ಎಂಬ ಪ್ರಶ್ನೆಯೂ ಹಿಂದೆಯೇ ಬಂತು. ನಿಧಿ ಸಿಕ್ಕಿದ ಮೇಲೂ ಹಂಚಿಕೆಯ ಲೆಕ್ಕ ತಪ್ಪುವುದಿಲ್ಲ. ಶೇಷ ಯಾರ ಪಾಲಾಗುತ್ತದೆ ಎಂದು ಕೇಳಲು ಹುಣಸೆ ಬೀಜದ ಆಟ ಆಡಿದ ಮಕ್ಕಳಿಗೆ ಗೊತ್ತಿರುತ್ತದೆ.

ರಜೆಯ ಸಂಜೆಗಳಲ್ಲಿ ಈ ಆಟ ಆಡಿ. ಆಡಿದ ಮೇಲೆ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಎಲೆಯ ಮೇಲಿನ ಹೆಸರಿನ ಒಂದು ಕೋಟೆಗೆ ನಿಜವಾಗಿಯೂ ಹೋಗಿಬನ್ನಿ. ಬೆಳಿಗ್ಗೆ ಬೇಗ ಹೊರಡಿ, ನೀರು ತೆಗೆದುಕೊಂಡು ಹೋಗಿ. ಹೆಜ್ಜೇನು ಕಂಡರೆ ಕಲ್ಲು ಎಸೆಯಬೇಡಿ, ಮಳೆಯಲ್ಲಿ ಬಂಡೆ ಹತ್ತಬೇಡಿ; ಅಲ್ಲಿನ ಅಪಾಯಗಳು ಎರಡನೇ ಎಲೆಗೆ ಕಾಯುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದೊಣೆಗಳನ್ನು, ಬಾಗಿಲುಗಳನ್ನು ಎಣಿಸಿ ಬರೆಯಲು ಮಕ್ಕಳಿಗೆ ಹೇಳಿ. ಎಲ್ಲಾದರೂ ಗುಂಡಿ ಅಗೆದದ್ದು ಕಂಡರೆ ಯಾರು, ಯಾಕೆ ಅಗೆದಿರಬಹುದು ಎಂದು ಅವರೇ ಯೋಚಿಸಲಿ. ಸಾಕೆನಿಸಿದಾಗ ವಾಪಸು ಬನ್ನಿ. ಯಾವಾಗ ವಾಪಸು ಬರಬೇಕೆಂದು ತಿಳಿದವರೇ ತಾನೆ ಈ ಆಟದಲ್ಲಿ ಡಬ್ಬಿ ತುಂಬಿಸಿಕೊಳ್ಳುವುದು?